ಸ್ವೆಟೋಜಾರ್ ಮೇಷ್ಟ್ರ ವಿಳಾಸ

ಸ್ವೆಟೋಜಾರ್ ಮೇಷ್ಟ್ರು ಹೆಸರಿಲ್ಲದ ಕಾಗದವನ್ನು ಓದುತ್ತಲೇ ಇರಲಿಲ್ಲ. ಭೂಗೋಳದ ಪರೀಕ್ಷೆಯಲ್ಲಿ ಹೆಸರು ಬರೆಯಲು ಮರೆತವನ ಉತ್ತರ ಎಷ್ಟೇ ಸೊಗಸಾಗಿರಲಿ, ಅದನ್ನು ಮಡಚಿ ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಡುತ್ತಿದ್ದರು. ನನ್ನ ಉತ್ತರಪತ್ರಿಕೆಗೂ ಒಮ್ಮೆ ಆ ಗತಿ ಒದಗಿತ್ತು. ಬೇಸಿಗೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿದ ಬೂದು ಕೋಟು, ಬೆನ್ನ ಹಿಂದೆ ಹೆಣೆದ ಕೈಗಳು, ಇಳಿಜಾರಿನಲ್ಲೂ ಏರು ಹತ್ತುವವರಂತೆ ಮುಂದಕ್ಕೆ ಬಾಗಿದ ನಡಿಗೆ. ನೀಶ್ ಪಟ್ಟಣದ ದಕ್ಷಿಣಕ್ಕಿರುವ ನಮ್ಮೂರಿನಲ್ಲಿ ಅವರನ್ನು ಹಿಂದಿನಿಂದ ನೋಡಿಯೇ ಗುರುತಿಸಬಹುದಿತ್ತು.

ನಿವೃತ್ತರಾದ ಮೇಲೆ ಪ್ರತಿದಿನ ಬೆಳಿಗ್ಗೆ ಹೊಳೆಯ ನೀರನ್ನು ಸೀಸೆಯಲ್ಲಿ ಹಿಡಿದು ಅದರ ಬಣ್ಣ, ವಾಸನೆಗಳನ್ನು ಬರೆದಿಡುತ್ತಿದ್ದರು. ಚರ್ಮ ಹದಮಾಡುವ ಕಾರ್ಖಾನೆಯ ಕೆಳಹರಿವಿನಲ್ಲಿ ಮೀನುಗಳು ಸತ್ತು ತೇಲತೊಡಗಿದ ವರ್ಷ, ಆ ಟಿಪ್ಪಣಿಗಳನ್ನು ಲೋಕವೆಲ್ಲ ಓದುವಂತೆ ಒಂದು ಜಾಲತಾಣ ಮಾಡಿಕೊಡೆಂದು ಕಂಪ್ಯೂಟರ್ ಕೆಲಸ ಬಲ್ಲ ನನ್ನನ್ನು ಮನೆಗೆ ಕರೆಸಿಕೊಂಡರು. ತಾಣದ ಹೆಸರನ್ನು ನೋಂದಾಯಿಸುವ ಅರ್ಜಿ ಒಡೆಯನ ಹೆಸರು, ಮನೆಯ ವಿಳಾಸ, ಫೋನ್ ನಂಬರು ಕೇಳುತ್ತಿತ್ತು. ಆ ಕಾಲದಲ್ಲಿ ಯಾರು ಹುಡುಕಿದರೂ ಅವು ಕಾಣುತ್ತಿದ್ದವು.

"ಮೇಷ್ಟ್ರೇ, ಇಲ್ಲೊಂದು ಗುರುತು ಹಾಕಿದ್ರೆ ನಿಮ್ಮ ವಿಳಾಸದ ಬದಲು ನೋಂದಣಿ ಕಂಪನಿಯದ್ದು ಕಾಣುತ್ತೆ," ಎಂದೆ.

"ಸರಿಯಾಗಿ ಕೇಳಿಸ್ಕೋ, ಬ್ರಾನಿಮಿರ್. ಮುಸುಕು ಹಾಕ್ಕೊಂಡು ಮಾತಾಡೋಕೆ ನಾನೇನು ಕೋಳಿ ಕದ್ದಿದೀನಾ?"

ಕಾಫಿ ತಂದ ಅವರ ಹೆಂಡತಿ ಡೊಬ್ರಿಲಾ, "ಏನ್ರೀ ಅದು ಮುಸುಕು?" ಎಂದರು.

"ನಿಂಗದೆಲ್ಲ ಯಾಕೆ, ಬಿಡು."

ನಾನೂ ವಿವರಿಸಲಿಲ್ಲ. ನಕ್ಕು ಮುಂದಿನ ಪುಟಕ್ಕೆ ಹೋದೆ.

ತಾಣ ತೆರೆದ ಮೂರು ವಾರಗಳಲ್ಲಿ ಕಾರ್ಖಾನೆಗೆ ತನಿಖೆಯವರು ಬಂದರು. ಎರಡು ಪಾಳಿಗಳು ನಿಂತು ಊರಿನ ಹಲವರ ಕೆಲಸ ಹೋಯಿತು. ಆಮೇಲೆ ಫೋನು ಬಡಿದುಕೊಳ್ಳತೊಡಗಿತು, ಅದೂ ಮೇಷ್ಟ್ರು ಹೊಳೆಯ ದಡದಲ್ಲಿರುವ ಹೊತ್ತಿಗೇ. "ನಿನ್ನ ಗಂಡನಿಗೆ ಹೇಳು ಮುದುಕಿ, ಮನೆ ಎಲ್ಲಿದೆ ಅಂತ ಗೊತ್ತು ನಮಗೆ!" ಕೆಲವು ದನಿಗಳು ಡೊಬ್ರಿಲಾಗೆ ಪರಿಚಿತ: ಅದೇ ಮನೆಯಲ್ಲಿ ಆಕೆಯ ಕೈಯ ಪ್ಲಮ್ ಜಾಮು ತಿಂದು ನಕಾಶೆ ಬಿಡಿಸಲು ಕಲಿತವರವು. "ನೀನು ಯಾರ ಮಗ ಅಂತ ಗೊತ್ತಾಯ್ತು ಕಣೋ, ನಿಮ್ಮಮ್ಮ ಹೇಗಿದಾಳೆ?" ಎಂದು ಆಕೆ ಕೇಳಿದರೆ ಆ ಕಡೆಯವ ಫೋನು ಇಟ್ಟುಬಿಡುತ್ತಿದ್ದನಂತೆ. ಒಂದು ಭಾನುವಾರ ಕಲ್ಲೊಂದು ಅಡುಗೆಮನೆಯ ಗಾಜನ್ನು ಒಡೆದುಕೊಂಡು ಬಂದು, ಆಕೆ ನಾದುತ್ತಿದ್ದ ಹಿಟ್ಟಿನ ಮೇಲೆ ಬಿತ್ತು. ಮರುದಿನ ಆಕೆ ಕ್ರೂಶೆವಾಟ್ಸ್‌ನಲ್ಲಿದ್ದ ತಂಗಿಯ ಮನೆಗೆ ಹೋದರು, ಮರಳಲಿಲ್ಲ.

ಆಗ ನಾನು ಅವಸರದಿಂದ ವಿಳಾಸವನ್ನು ಮರೆಮಾಡಿದೆ. ಅಷ್ಟರಲ್ಲಿ ಯಾರ್ಯಾರೋ ಅದನ್ನು ನಕಲಿಸಿ ಎಲ್ಲೆಲ್ಲೋ ಹಂಚಿಯಾಗಿತ್ತು. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಹಲಗೆ ಹೊಡೆದ ಕಿಟಕಿಯ ಪಕ್ಕ ಕುಳಿತು, "ಹೆಸರು ನಂದು, ಬರೆದೆ. ವಿಳಾಸ ಅವಳದೂ ಆಗಿತ್ತಲ್ಲೋ. ಒಂದು ಮಾತು ಕೇಳ್ಲಿಲ್ಲ ನೋಡು," ಎಂದರು.

ಹೊಳೆಗೆ ಮೀನು ಮರಳಿದೆ. ಮರೆಯನ್ನೆಲ್ಲ ಅಪರಾಧವೆಂದು ಭಾವಿಸುವ ಇಂಥ ನಿಷ್ಕಪಟಿಗಳನ್ನು ನಾವು ಗೌರವಿಸುತ್ತೇವೆ, ಗೌರವಿಸಲೂ ಬೇಕು. ಆದರೆ ಅವರು ತಮ್ಮ ಧೈರ್ಯವನ್ನು ಮನೆಮಂದಿಯೆಲ್ಲರ ಧೈರ್ಯವೆಂದೇ ಎಣಿಸಿಬಿಡುತ್ತಾರೆ. ಅಪಾಯ ಬಲ್ಲ ನನ್ನಂಥವರು ನಕ್ಕು ಸುಮ್ಮನಾಗುತ್ತೇವೆ. ಬಂದ ಕರೆಗೂ ಕಲ್ಲಿಗೂ ಉತ್ತರ ಕೊಡುವ ಪಾಳಿ ಮಾತ್ರ, ಯಾರೂ ಒಂದು ಮಾತೂ ಕೇಳದೆ ಬಿಟ್ಟವರದಾಗುತ್ತದೆ.