ಹತ್ತು ನಿಮಿಷ ಉಳಿಸಿದವಳು

ಹತ್ತು ನಿಮಿಷ ಉಳಿಸಿದವಳು ನಾನೇ. ಅವತ್ತು ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ದಾಬಸ್‌ಪೇಟೆಯ ನಮ್ಮ ಫ್ಯಾಕ್ಟರಿಯಲ್ಲಿ ಬಾಟಲಿ ಮುಚ್ಚಳ ಮಾಡುವ ನಾಲ್ಕನೇ ಮಿಷನ್ನು ಬೆಳಿಗ್ಗೆ ಮಮತಳದ್ದು, ಮಧ್ಯಾಹ್ನ ಎರಡರಿಂದ ನನ್ನದು. ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಜೊತೆಗಿರುತ್ತಿದ್ದೆವು. ಯಾವ ಅಚ್ಚು ಬಿಸಿಯಾಗಿದೆ, ಎಲ್ಲಿ ಮುಚ್ಚಳ ಸಿಕ್ಕಿಕೊಳ್ಳುತ್ತಿದೆ ಎಂದು ಎರಡು ನಿಮಿಷದಲ್ಲಿ ಹೇಳಿ ಮುಗಿಸಿ, ಉಳಿದ ಎಂಟು ನಿಮಿಷ ಅವಳು ತನ್ನ ಅತ್ತೆಯ ಪುರಾಣ ಬಿಚ್ಚುತ್ತಿದ್ದಳು. ನಾನು ನಗುತ್ತಲೇ ಕೆಲಸ ಶುರುಮಾಡುತ್ತಿದ್ದೆ. ಆರು ವರ್ಷ ಹೀಗೇ ನಡೆಯಿತು.

ಎರಡು ತಿಂಗಳ ಹಿಂದೆ ಮ್ಯಾನೇಜರ್ ಭಾನುಪ್ರಕಾಶ್ ಎಲ್ಲರನ್ನೂ ಕೂರಿಸಿ, ಕೆಲಸ ಸುಧಾರಿಸಲು ಸಲಹೆ ಕೊಡಿ ಎಂದರು. ಎಲ್ಲರೂ ತಲೆ ತಗ್ಗಿಸಿದರು. ಜಾಣೆ ನಾನು, ಎದ್ದು ನಿಂತೆ. ಮಿಷನ್ ಪಕ್ಕ ಅಚ್ಚು, ಬಿಸಿ ಎಲ್ಲದರ ಪಟ್ಟಿ ಬರೆದ ಬೋರ್ಡ್ ಹಾಕಿ, ಹೋಗುವವರು ಟಿಕ್ ಮಾಡಿ ಹೋಗಲಿ, ಮಾತಿನ ಸಮಯ ಉಳಿಯುತ್ತದೆ ಎಂದೆ. ಚಪ್ಪಾಳೆ ಬಿತ್ತು, ಕುಕ್ಕರ್ ಬಹುಮಾನ ಬಂತು. ಮರುವಾರದಿಂದ ಮೊದಲ ಪಾಳಿಯವರನ್ನು ಹಿಂದಿನ ಗೇಟಿನಿಂದ ಕಳಿಸಿ, ನಮ್ಮನ್ನು ಮುಂದಿನ ಗೇಟಿನಿಂದ ಒಳಗೆ ಬಿಡತೊಡಗಿದರು.

ಸಭೆ ಮುಗಿದಾಗ ಮಮತ ಒಂದೇ ಮಾತು ಕೇಳಿದ್ದಳು. “ನನ್ ಜೊತೆ ಮಾತಾಡೋದು ನಿಂಗೆ ಟೈಮ್ ವೇಸ್ಟಾ ರುಕ್ಸಾನಾ?”

ನಾನು ಕುಕ್ಕರಿನ ಜಂಬದಲ್ಲಿದ್ದೆ. ಎಲ್ಲದಕ್ಕೂ ಮುಖ ಊದಿಸಿಕೊಳ್ಳಬೇಡ ಅಂದುಬಿಟ್ಟೆ. ಆಮೇಲೆ ಎಷ್ಟು ಫೋನ್ ಮಾಡಿದರೂ ಅವಳು ಎತ್ತಲಿಲ್ಲ. ಮನೆಗೇ ಹೋಗೋಣವೆಂದರೆ ಯಾವ ಮುಖ ಹೊತ್ತು ಹೋಗಲಿ? ಮಾಡಿದ್ದುಣ್ಣೋ ಮಹಾರಾಯ. ದಿನಾ ಬೋರ್ಡಿನ ಟಿಕ್‌ಗಳನ್ನು ನೋಡಿ, ಇವಾದರೂ ಅವಳ ಕೈಯವು ಎಂದು ಸಮಾಧಾನ ಪಡುತ್ತಿದ್ದೆ. ಮಿಷನ್ನಿನ ಸದ್ದಿನ ನಡುವೆ ಅವಳ ದನಿ ಕೇಳಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು.

ಮೊನ್ನೆ ಸೋಮವಾರ ತಡೆಯಲಾಗಲಿಲ್ಲ. ನೆಲಮಂಗಲದಲ್ಲಿ ಒಂದು ಗಂಟೆ ಮೊದಲೇ ಬಸ್ ಹತ್ತಿ, ತಪ್ಪಾಯ್ತು ಕಣೇ ಎಂದು ಕೈ ಹಿಡಿದುಕೊಳ್ಳೋಣವೆಂದು ಹಿಂದಿನ ಗೇಟಿನಲ್ಲಿ ನಿಂತೆ. ಪಾಳಿ ಬಿಟ್ಟಿತು. ಎಲ್ಲರೂ ಬಂದರು, ಮಮತ ಬರಲಿಲ್ಲ. ಕೊನೆಗೆ ಬಂದ ಹೊಸ ಹುಡುಗಿಯನ್ನು ಕೇಳಿದೆ. ಹೆಸರು ರಂಜಿತ ಅಂತೆ, ನಾಲ್ಕನೇ ಮಿಷನ್ ಈಗ ಅವಳದ್ದಂತೆ. ಮಮತಕ್ಕನ ಗಂಡನಿಗೆ ಹೊಸೂರಿನಲ್ಲಿ ಕೆಲಸ ಸಿಕ್ಕಿ, ಅವರು ಮನೆ ಖಾಲಿ ಮಾಡಿ ಮೂರು ವಾರವಾಯಿತು ಎಂದಳು.

ಮೂರು ವಾರದಿಂದ ನಾನು ನೋಡಿದ್ದು ಈ ಹುಡುಗಿಯ ಟಿಕ್.

ಭಾನುಪ್ರಕಾಶ್ ಅಲ್ಲೇ ಗೇಟಿನ ಬಳಿ ಇದ್ದರು. ನಮ್ಮ ಮಾತು ಕೇಳಿಸಿಕೊಂಡು ಖುಷಿಯಾಗಿ ಹತ್ತಿರ ಬಂದರು. “ಕೆಲಸ ಒಂದಿನಾನೂ ನಿಲ್ಲಲಿಲ್ಲ, ಎಲ್ಲಾ ನಿನ್ ಬೋರ್ಡಿಂದಾನೇ ಕಣಮ್ಮ. ಮಮತ ಬಿಟ್ಟು ಹೋಗಿದ್ದು ಒಬ್ರಿಗೂ ಗೊತ್ತಾಗ್ಲಿಲ್ಲ.”

“ನಂಗೂ ಗೊತ್ತಾಗ್ಲಿಲ್ಲ ಸಾರ್,” ಎಂದೆ.