ಎರಡು ವೈರು, ಒಂದು ಕತ್ತರಿ

ದರ್ಜಿಯ ಕತ್ತರಿಗೆ ಇಪ್ಪತ್ತಾರು ವರ್ಷ. ಅಷ್ಟು ವರ್ಷದಲ್ಲಿ ಅದು ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಒಂದು ಕಾಗದ ಕತ್ತರಿಸಿ ವಾಪಸ್ಸು ಕೊಡುತ್ತೇನೆ ಎಂದು ಯಾರಾದರೂ ಕೇಳಿದರೆ, ಬೇಕಾದರೆ ನನ್ನ ಹಲ್ಲು ಕಿತ್ತುಕೊಂಡು ಹೋಗಿ ಎನ್ನುತ್ತಿದ್ದ ದರ್ಜಿ. ಅಂಥವನು ಅದೇ ಕತ್ತರಿಯನ್ನು ಹಾಡಹಗಲೇ ಬ್ಯಾಟರಿಯ ವೈರಿಗೆ ಹಾಕಿದನೆಂದರೆ ಅದಕ್ಕೆ ಲಾರಿಯೇ ಕಾರಣ.

ಲಾರಿ ಎಂದರೆ ರಸ್ತೆಯ ಲಾರಿಯಲ್ಲ. ಮೊಳದುದ್ದದ್ದು, ರಿಮೋಟಿನಲ್ಲಿ ಓಡುವುದು, ಹೊಟ್ಟೆಯಲ್ಲಿ ಲಿಥಿಯಂ ಬ್ಯಾಟರಿ ಇರುವುದು. ಐವತ್ತೆಂಟನೆಯ ವಯಸ್ಸಿನಲ್ಲಿ ದರ್ಜಿಗೆ ಈ ಹುಚ್ಚು ಹತ್ತಿಸಿದವನು ಹೆಂಡತಿಯ ತಮ್ಮ, ಪಕ್ಕದ ಬೀದಿಯ ಕ್ಷೌರಿಕ. ಅವನ ಹತ್ತಿರವೂ ಒಂದು ಲಾರಿಯಿತ್ತು. ಭಾನುವಾರ ಬೆಳಿಗ್ಗೆ ಭಾವ ಭಾವಮೈದುನ ಇಬ್ಬರೂ ಮೈದಾನಕ್ಕೆ ಹೋಗಿ, ಲಾರಿಗೆ ಇಸ್ತ್ರಿಪೆಟ್ಟಿಗೆ ಕಟ್ಟಿ ಯಾರದು ದೂರ ಎಳೆಯುತ್ತದೆ ಎಂದು ನೋಡುತ್ತಿದ್ದರು. ಇಡೀ ವಾರ ಕಾಲರು, ಸೊಂಟದ ಪಟ್ಟಿ ಎಂದು ಬೆನ್ನು ಬಗ್ಗಿಸಿ ಕೂರುವ ದರ್ಜಿ ಬಾಯಿತುಂಬ ನಗುತ್ತಿದ್ದುದು ಆ ಒಂದು ಗಂಟೆಯಲ್ಲಿ ಮಾತ್ರ.

ಅಂಗಡಿಯಲ್ಲಿ ಗುಂಡಿ, ಕಾಜ, ಅಂಚು ಎಲ್ಲ ಹೆಂಡತಿಯ ಕೆಲಸ. ಅವಳು ಲಾರಿಯನ್ನು ಬಹಳ ದಿನ ಸಹಿಸಿಕೊಂಡಿದ್ದಳು. ಆದರೆ ದರ್ಜಿ ಉಳಿತಾಯ ಮಾಡಲು ಹೋಗಿ ತೆಳ್ಳನೆಯ ವೈರು ಹಾಕಿದ. ಅದು ಕಾದು ಕರಗಿ ಅವಳು ದಿನಾ ಒರಗುವ ದಿಂಬಿಗೇ ತೂತು ಮಾಡಿತು. ಆವತ್ತು ಅವಳು ಕೂಗಾಡಲಿಲ್ಲ.

"ಇನ್ನೊಂದು ಸಲ ಏನಾದ್ರೂ ಸುಟ್ಟರೆ ಈ ಲಾರಿ ನನ್ನ ತಮ್ಮನ ಹತ್ರ ಹೋಗುತ್ತೆ" ಎಂದಳು. "ಅವನಿಗೆ ಕೈಯಲ್ಲಿ ಹದ ಇದೆ. ನಿಮಗಿಲ್ಲ."

ಲಾರಿ ಹೋಗುವುದೇ ದರ್ಜಿಗೆ ಸಹಿಸಲಾಗದ ಮಾತು. ಅದು ಹೋಗುವುದು ಆ ಹದದ ಕೈಗೆ ಎಂದಾಗ ಮೈಯೆಲ್ಲ ಉರಿಯಿತು.

ಅಂದಿನಿಂದ ಅವನು ಪೂರ್ತಿ ಬದಲಾದ. ದಪ್ಪ ವೈರು ತಂದ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ. ಬೆಸುಗೆ ಹಾಕಿದ ಜಾಗಕ್ಕೆಲ್ಲ, ಬಿಸಿ ತಾಗಿದರೆ ಬಿಗಿಯುವ ಸಣ್ಣ ಕೊಳವೆ ತೊಡಿಸಿ ಅದಕ್ಕೆ ತೋಳು ಎಂದು ಹೆಸರಿಟ್ಟ. ಚಾರ್ಜ್ ಮಾಡುವಾಗ ಬ್ಯಾಟರಿಯನ್ನು ಮರಳು ಹಾಕಿದ ಕಬ್ಬಿಣದ ಬಾಣಲೆಯಲ್ಲಿಟ್ಟು, ಹಾಲು ಉಕ್ಕೀತು ಎಂದು ಕಾಯುವವರ ಹಾಗೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಎರಡು ತಿಂಗಳು ಮನೆಯಲ್ಲಿ ಏನೂ ಸುಡಲಿಲ್ಲ.

ಉಳಿದದ್ದು ಒಂದೇ ಕೆಲಸ. ಬ್ಯಾಟರಿಯ ತುದಿಯ ಚಿಕ್ಕ ಪ್ಲಗ್ಗು ಕತ್ತರಿಸಿ ದೊಡ್ಡದನ್ನು ಹಾಕಬೇಕು. ಗುರುವಾರ ಮಧ್ಯಾಹ್ನ ಹೆಂಡತಿ ಗುಂಡಿ ತರಲು ಹೋಗಿದ್ದಳು. ವೈರು ಕತ್ತರಿಸುವ ಇಕ್ಕಳ ಎಲ್ಲೋ ಬಟ್ಟೆಯ ರಾಶಿಯಡಿ ಸೇರಿಕೊಂಡಿತ್ತು. ಒಂದೇ ಒಂದು ಸಲ ಎಂದುಕೊಂಡು ಅವನು ಕತ್ತರಿ ಎತ್ತಿಕೊಂಡ.

ಅಂಗಿಯ ಎರಡು ತೋಳು ಕತ್ತರಿಸಬೇಕಾದರೆ ಯಾವ ದರ್ಜಿಯೂ ಒಂದೊಂದಾಗಿ ಕತ್ತರಿಸುವುದಿಲ್ಲ. ಒಂದರ ಮೇಲೊಂದಿಟ್ಟು, ಅಂಚು ಸೇರಿಸಿ, ಒಂದೇ ಏಟಿಗೆ ಕತ್ತರಿಸುತ್ತಾನೆ. ಆಗಲೇ ಎರಡೂ ಸಮ. ಇಲ್ಲದಿದ್ದರೆ ಒಂದು ಗಿಡ್ಡ, ಇನ್ನೊಂದು ಉದ್ದವಾಗಿ ಗಿರಾಕಿಯಿಂದ ಉಗಿಸಿಕೊಳ್ಳಬೇಕು. ದರ್ಜಿಯ ತಲೆ ಬ್ಯಾಟರಿಯ ಬಗ್ಗೆ ಏನೇನೋ ಓದಿಕೊಂಡಿತ್ತು, ಆದರೆ ಕೈಗೆ ಅದನ್ನು ಯಾರೂ ತಿಳಿಸಿರಲಿಲ್ಲ. ಕೈ ತನ್ನ ಪಾಡಿಗೆ ಕೆಂಪು ಕಪ್ಪು ಎರಡನ್ನೂ ಜೋಡಿಸಿ, ತುದಿ ಸಮ ಮಾಡಿ, ಕತ್ತರಿಯ ಬಾಯಿಗೆ ಕೊಟ್ಟಿತು.

ಫಟ್ ಎಂದಿತು. ಅಲಗು ಎರಡು ವೈರಿಗೂ ಒಮ್ಮೆಲೇ ತಾಗಿ, ಬ್ಯಾಟರಿಯ ಕರೆಂಟೆಲ್ಲ ಅದರ ಮೂಲಕವೇ ನುಗ್ಗಿತ್ತು. ನೀಲಿ ಕಿಡಿ ಹಾರಿತು. ದರ್ಜಿ ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದ. ಜೀವ ಬಾಯಿಗೆ ಬಂದರೂ ಎದ್ದು, ಬ್ಯಾಟರಿಯನ್ನು ಬಾಣಲೆಯ ಮರಳಿಗೆ ಹಾಕಿ ಅಂಗಳಕ್ಕೆ ಸಾಗಿಸಿದ. ಪುಣ್ಯಕ್ಕೆ ಅದು ಹೊತ್ತಿಕೊಳ್ಳಲಿಲ್ಲ. ಕಿಟಕಿ ತೆರೆದ, ಫ್ಯಾನು ಹಾಕಿದ, ವಾಸನೆ ಮುಚ್ಚಲು ಯಾರದೋ ಉಣ್ಣೆಯ ಕೋಟು ಒದ್ದೆ ಮಾಡಿ ಇಸ್ತ್ರಿ ಹಾಕಿದ. ಆಮೇಲೆ ಕತ್ತರಿ ನೋಡಿದ. ಅಲಗಿನ ನಡುವೆ ಮೆಣಸಿನ ಕಾಳಿನಷ್ಟು ಲೋಹ ಮಾಯವಾಗಿತ್ತು.

ಹೆಂಡತಿ ಬಂದು ಒಮ್ಮೆ ಮೂಗು ಅರಳಿಸಿದಳು, ಕೋಟಿನ ಕಡೆ ನೋಡಿದಳು, ಗುಂಡಿಯ ಪೊಟ್ಟಣ ಬಿಚ್ಚಲು ಕೂತಳು. ದರ್ಜಿ ಬಚಾವಾದೆ ಎಂದುಕೊಂಡ.

ತನ್ನ ಬಾಯಿಗೆ ಅವನು ಬೀಗ ಹಾಕಿಕೊಂಡಿದ್ದ, ಆದರೆ ಕತ್ತರಿಯ ಬಾಯಿಗೆ ಹಾಕುವುದು ಹೇಗೆ? ಆ ಕಚ್ಚು ಬಂದಲ್ಲೆಲ್ಲ ಬಟ್ಟೆ ಕತ್ತರಿಸದೆ ಹರಿದು, ಗೇಣಿಗೊಂದು ದಾರದ ಕುಚ್ಚು ಏಳುತ್ತಿತ್ತು. ಶನಿವಾರ ಹೆಂಡತಿ ಮೂರು ಪ್ಯಾಂಟು, ಒಂದು ಪರದೆ, ಒಂದು ಕೋಟಿನ ಅಸ್ತರು ಮೇಜಿನ ಮೇಲೆ ಸಾಲಾಗಿ ಹಾಸಿ, ಗೇಣು ಹಾಕಿ ಕುಚ್ಚುಗಳನ್ನು ತೋರಿಸಿದಳು. ಆಮೇಲೆ ಕೈ ಚಾಚಿದಳು. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ಅವನು ಕತ್ತರಿ ಕೊಟ್ಟ.

"ವೈರು ಎರಡನ್ನೂ ಒಟ್ಟಿಗೆ ಕತ್ತರಿಸಿದ್ರಾ?"

"ಸಮ ಬರ್ಲಿ ಅಂತ ಕಣೇ."

"ಲಾರಿ ತಗೊಳ್ಳಿ. ನಡೀರಿ."

ದರ್ಜಿ ಲಾರಿಯನ್ನು ಕಂಕುಳಲ್ಲಿಟ್ಟುಕೊಂಡು ಅವಳ ಹಿಂದೆ ನಡೆದ. ದಾರಿಯುದ್ದಕ್ಕೂ ಅದರ ಚಕ್ರ ಅವನ ಪಕ್ಕೆಗೆ ತಾಗಿ ತಿರುಗುತ್ತಿತ್ತು. ನಡುಬೀದಿಯಲ್ಲೇ ಅತ್ತುಬಿಡಬೇಕು ಅನ್ನಿಸಿತು, ಆದರೆ ಎದುರಿಗೆ ಗಿರಾಕಿಗಳು ಬರುತ್ತಿದ್ದರು.

ಕ್ಷೌರಿಕನ ಅಂಗಡಿಯಿಂದ ಒಬ್ಬ ಹೊರಗೆ ಬಂದ. ಅವನ ಬಲಗಿವಿಯ ಮೇಲೆ ಒಂದು ಜುಟ್ಟು ಬಣ್ಣ ಬಳಿಯುವ ಬ್ರಷ್ಷಿನ ಹಾಗೆ ನೆಟ್ಟಗೆ ನಿಂತಿತ್ತು. ಹೆಂಡತಿ ತಿರುಗಿ ನೋಡಿದಳು. ಒಳಗೆ ಕುರ್ಚಿಯಲ್ಲಿ ಕೂತವನಿಗೂ ಅದೇ ಜುಟ್ಟು. ಬೆಂಚಿನ ಮೇಲೆ ಇನ್ನಿಬ್ಬರು, ನಿನ್ನೆ ಮಾಡಿಸಿಕೊಂಡು ಹೋದವರು, ಜುಟ್ಟು ಹಿಡಿದುಕೊಂಡು ದೂರು ಹೇಳಲು ಕಾಯುತ್ತಿದ್ದರು.

"ತಮ್ಮಾ, ನಿನ್ನ ಕತ್ತರಿ ಕೊಡು."

"ಯಾಕಕ್ಕಾ?"

"ಕೊಡು."

ಅವಳು ಅದನ್ನು ಬೆಳಕಿಗೆ ಹಿಡಿದಳು. ಅಲಗಿನ ನಡುವೆ ಮೆಣಸಿನ ಕಾಳಿನಷ್ಟು ಜಾಗದಿಂದ ಬೀದಿ ಕಾಣುತ್ತಿತ್ತು. ಹದದ ಕೈಯ ತಮ್ಮ ನೆಲ ನೋಡಿದ.

"ಎರಡು ವೈರನ್ನೂ ಬೆರಳ ಸಂದೀಲಿ ಹಿಡಿದು ಕತ್ತರಿಸಿಬಿಟ್ಟೆ ಅಕ್ಕಾ. ಕೂದಲು ಹಾಗೇ ಅಲ್ವಾ ಹಿಡಿಯೋದು? ಕೈ ತಾನಾಗೇ ಹೋಯ್ತು."

ದರ್ಜಿಗೆ ಇಷ್ಟು ವರ್ಷದಲ್ಲಿ ಭಾವಮೈದುನ ಇಷ್ಟು ಇಷ್ಟವಾದದ್ದು ಇದೇ ಮೊದಲು. ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಬಹಳ ಹೊತ್ತು ಗೋಡೆಯ ಕಡೆ ತಿರುಗಿ ನಿಂತಳು. ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ಮುಖ ಬಿಗಿಮಾಡಿಕೊಂಡು ದರ್ಜಿಯ ಕಂಕುಳಿಂದ ಲಾರಿ ತೆಗೆದುಕೊಂಡಳು.

"ಇನ್ಮೇಲೆ ಇಬ್ಬರ ವೈರೂ ನಾನೇ ಕತ್ತರಿಸ್ತೀನಿ" ಎಂದಳು.

ಕತ್ತರಿಸಿದ್ದೂ ಅವಳೇ. ಪೆಟ್ಟು ತಿಂದ ಬ್ಯಾಟರಿಯನ್ನು ನಂಬುವಂತಿರಲಿಲ್ಲ. ಹೊಸದನ್ನು ಮುಂದಿಟ್ಟುಕೊಂಡು ಮೊದಲು ಇಕ್ಕಳ ಹುಡುಕಿಸಿದಳು. ಕಾಜ ಹೊಲಿಯುವವರು ಒಂದನ್ನು ಸೀಳಿ, ಸುತ್ತ ಹೊಲಿದು ಮುಗಿಸದೆ ಇನ್ನೊಂದಕ್ಕೆ ಕೈ ಹಾಕುವುದಿಲ್ಲ. ಹಾಗೆಯೇ ಅವಳು ಕೆಂಪು ಕತ್ತರಿಸಿ, ಬೆಸುಗೆ ಹಾಕಿಸಿ, ತೋಳು ತೊಡಿಸಿದಳು. ಆಮೇಲೆಯೇ ಕಪ್ಪು. ಒಂದು ಕಿಡಿಯೂ ಏಳಲಿಲ್ಲ. ಕಪ್ಪು ಮಾತ್ರ ಅರ್ಧ ಬೆರಳು ಗಿಡ್ಡವಾಗಿತ್ತು.

ದರ್ಜಿ ಬಾಯಿ ತೆರೆದ.

"ಏನೋ ಹೇಳಕ್ಕೆ ಬಂದ್ರಿ?"

"ಏನಿಲ್ಲ. ಚೆನ್ನಾಗಿದೆ."

ಭಾನುವಾರ ಲಾರಿ ಇಸ್ತ್ರಿಪೆಟ್ಟಿಗೆಯನ್ನು ಮೈದಾನದ ಆ ತುದಿಯವರೆಗೆ ಎಳೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ದರ್ಜಿಯೂ ಬಾಯಿತುಂಬ ನಕ್ಕ, ಆದರೆ ಅವನ ಕಣ್ಣು ಕೊನೆಯವರೆಗೂ ಆ ಗಿಡ್ಡ ವೈರಿನ ಮೇಲೇ ಇತ್ತು.