ಪಕ್ಕದ ಗೂಡಿನ ವಾಸನೆ

ಮೀಸೆ ಎಂಬ ಇಲಿ ಆ ದಿನವೂ ಬಲಗಡೆಯ ಲಿವರ್ ಮುಟ್ಟಲಿಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಇಲಿಯ ಮುಂದೆ ಎರಡು ಲಿವರ್‌ಗಳು, ಅಂದರೆ ಒತ್ತುವ ಪುಟ್ಟ ಹಿಡಿಗಳು, ಇರುತ್ತವೆ. ಎಡಗಡೆಯದನ್ನು ಒತ್ತಿದರೆ ಒಂದಿಷ್ಟು ಅಮಲಿನ ಔಷಧ ಮೈಗೆ ಸೇರುತ್ತದೆ. ಬಲಗಡೆಯದನ್ನು ಒತ್ತಿದರೆ ಪುಟ್ಟ ಬಾಗಿಲು ತೆರೆದು ಪಕ್ಕದ ಗೂಡಿನ ಜೊತೆಗಾರ ಸಿಗುತ್ತಾನೆ. ಅಮಲು ಹತ್ತಿದ್ದರೂ ಮೀಸೆ ಜೊತೆಗಾರನನ್ನೇ ಆರಿಸುತ್ತಿದ್ದ. ಈಗ ಎಡಕ್ಕೇ ಅಂಟಿಕೊಂಡಿದ್ದ. ಗೂಡು ತೊಳೆಯುವವಳು ನಾನು. ನನ್ನಿಂದಲೇ ಏನೋ ಎಡವಟ್ಟಾಗಿದೆ ಎಂಬ ಅಳುಕು.

ಮನೆಯಲ್ಲೂ ಅದೇ ಅಳುಕು. ಕುಡಿತ ಬಿಡಿಸುವ ಕೇಂದ್ರದಿಂದ ಬಂದ ತಮ್ಮ ನನ್ನ ಜೊತೆಗಿದ್ದ. ಅವನು ಬರುವ ಮೊದಲೇ ಮನೆಯನ್ನೆಲ್ಲ ತಿಕ್ಕಿ ತೊಳೆದು, ಅವನ ಹಳೆಯ ಸಾಮಾನನ್ನು ಅಟ್ಟಕ್ಕೆ ಹಾಕಿದ್ದೆ. ಚೆಸ್ ಬೋರ್ಡನ್ನೂ. ಕಳೆದುಹೋದ ಕುದುರೆಯ ಬದಲಿಗೆ ಅವನು ಬಿಯರ್ ಬಾಟಲಿಯ ಮುಚ್ಚಳ ಇಟ್ಟುಕೊಂಡಿದ್ದನಲ್ಲ, ಅದನ್ನು ನೋಡಿ ಹಳೆಯದೆಲ್ಲ ನೆನಪಾದರೆ? ಮುಚ್ಚಳವನ್ನಂತೂ ಬಿಸಾಡಿಯೇಬಿಟ್ಟಿದ್ದೆ. ಸಂಜೆಯಾದರೆ ಅವನು ಚಪ್ಪಲಿ ಮೆಟ್ಟಿ ಹೊರಟು, ಬಾರಿನ ಎದುರಿನ ಕಟ್ಟೆಯ ಮೇಲೆ ಕೂತು ಬರುತ್ತಿದ್ದ. ಒಳಗೆ ಕಾಲಿಟ್ಟಿರಲಿಲ್ಲ. ಇನ್ನೂ.

ಪ್ರಯೋಗ ನಡೆಸುವ ಮೇಡಂ ಜೊತೆಗಾರನ ಗೂಡಿಗೆ ಮೂಗಿಟ್ಟು ಹಿಂದೆ ಸರಿದರು.

"ಇದೇನ್ರೀ, ಆಪರೇಷನ್ ಥಿಯೇಟರ್ ಮಾಡಿಟ್ಟಿದೀರಾ?"

"ಒಂದ್ಸಲ ಒರೆಸಿದ್ರೆ ಸಾಲದೇನೋ ಅಂತ..."

"ಫಿನಾಯಿಲ್ ವಾಸನೆಗೆ ನನ್ನ ಮೂಗೇ ಉರೀತಿದೆ. ಮೀಸೆಗೆ ಗೆಳೆಯನ ವಾಸನೆ ಎಲ್ಲಿಂದ ಬರ್ಬೇಕು? ಅವನು ಮಲಗಿದ್ದ ಹಳೇ ಹೊಟ್ಟು ಒಂದು ಹಿಡಿ ಬಿಡಿ ಅಂದಿದ್ನಲ್ಲ?"

"ಗಲೀಜು ಅನ್ನಿಸ್ತು ಮೇಡಂ."

"ನಿಮಗೆ ಗಲೀಜು. ಅವನಿಗೆ ಅದೇ ಅಡ್ರೆಸ್ಸು!"

ಗೂಡನ್ನು ಬರೀ ನೀರಿನಲ್ಲಿ ತೊಳೆದು, ಜೊತೆಗಾರ ಮಲಗಿದ್ದ ಹೊಟ್ಟನ್ನೇ ಹರಡಿದೆ. ಮಧ್ಯಾಹ್ನ ಮೀಸೆ ಬಾಗಿಲ ಸಂದಿಗೆ ಮೂತಿಯಿಟ್ಟು ಮೂಸಿದ. ತನ್ನ ಮೀಸೆ ಕುಣಿಸಿದ. ಬಲಗಡೆಯ ಲಿವರ್ ಒತ್ತಿದ.

"ಮನುಷ್ಯರಿಗೂ ಹೀಗೇನಾ ಮೇಡಂ?"

"ಅಷ್ಟು ಬೇಗ ಹಾರ್ಬೇಡಿ. ಇದು ಇಲಿ."

ಸರಿಯೇ. ಆದರೂ ಮನೆಗೆ ಬಂದವಳೇ ಸ್ಟೂಲ್ ಹತ್ತಿದೆ. ತಮ್ಮ ಆಗಲೇ ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿದ್ದ.

"ಅಟ್ಟದಲ್ಲೂ ಇಲಿ ಸಾಕಿದೀಯೇನಕ್ಕಾ?"

"ಬಾಯಿ ಮುಚ್ಕೊಂಡು ಇದನ್ನ ಹಿಡ್ಕೊ."

ಚೆಸ್ ಬೋರ್ಡಿನ ಧೂಳು ಇಬ್ಬರ ಮೇಲೂ ಬಿತ್ತು.

"ನೀನು ಆಡ್ತೀಯಾ? ನಿಂಗೆ ಆನೆ ಹೇಗೆ ನಡೆಯುತ್ತೆ ಅಂತ್ಲೂ ಗೊತ್ತಿಲ್ಲ."

"ಹೇಳ್ಕೊಡು. ಬೈಬೇಡ ಅಷ್ಟೇ."

ಅವನು ಕಾಯಿಗಳನ್ನು ಹುಡುಕಿದ. "ಕುದುರೆ? ನನ್ನ ಮುಚ್ಚಳ?"

"ಬಿಸಾಕ್ಬಿಟ್ಟೆ ಕಣೋ. ಹೆದರ್ಕೊಂಡು."

ಅವನು ಬೀದಿಯ ಕಡೆ ನೋಡಿದ. "ಈ ಮನೇಲಿ ಒಂದು ಕಲ್ಲಾದ್ರೂ ಸಿಗುತ್ತಾ, ಅಷ್ಟು ತಿಕ್ಕಿದೀಯ," ಎನ್ನುತ್ತ ಚಪ್ಪಲಿ ಬಿಚ್ಚಿ, ಅದರ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹರಳನ್ನು ಕಿತ್ತು ಕುದುರೆಯ ಮನೆಯಲ್ಲಿಟ್ಟ. ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ನನ್ನೆದುರು ಕೂತ.

ಚೊಕ್ಕ ನೆಲದ ಮೇಲೆ ಮಣ್ಣು ಉದುರಿತ್ತು. ಬಟ್ಟೆ ತರಲು ಕೈ ತುರಿಸಿತು. ತರಲಿಲ್ಲ.

"ನಡೆಸಕ್ಕಾ," ಎಂದ.